ಸೊಲ್ಲು ಹಿಡಿಯುವವರು

ಅಕ್ಕತಂಗಿಯರಲ್ಲದ ಇಬ್ಬರು ಹೆಂಗಸರು ಸೇರಿ 1976ರಲ್ಲಿ ಒಂದು ಆಲ್ಬಮ್ ಮಾಡಿದರು. ಹೆಸರು 'ಸಿಲ್ಲಿ ಸಿಸ್ಟರ್ಸ್'. ಒಬ್ಬರು ಮ್ಯಾಡಿ ಪ್ರಯರ್, ಇನ್ನೊಬ್ಬರು ಜೂನ್ ಟೇಬರ್. ಹಾಡುಗಳಲ್ಲಿ ಹೆಚ್ಚಿನವು ಬ್ರಿಟನ್ನಿನ ಹಳೆಯ ಜನಪದಗಳು. ಮ್ಯಾಡಿಯ ದನಿ ತೆಳುವಾಗಿ ಮೇಲೇರುತ್ತದೆ. ಜೂನ್ ದನಿ ದಪ್ಪ, ತಗ್ಗಿನಲ್ಲೇ ನಡೆಯುತ್ತದೆ. ಇಬ್ಬರೂ ಹೇಳುವ ಮಾತು ಒಂದೇ, ಹಿಡಿದ ಸ್ವರ ಬೇರೆ ಬೇರೆ.

ಈ ಹಾರ್ಮನಿ ನಮ್ಮ ಕಿವಿಗೆ ಅಷ್ಟು ಪರಿಚಯದ್ದಲ್ಲ. ನಮ್ಮ ಕಚೇರಿಗಳಲ್ಲಿ ಇಬ್ಬರು ಜೊತೆಗೆ ಕೂತು ಹಾಡಿದರೂ ಸಾಮಾನ್ಯವಾಗಿ ಸ್ವರ ಒಂದೇ. ಸೋಬಾನೆಯಲ್ಲಿ ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಅದೇ ಸೊಲ್ಲನ್ನು ಹಿಡಿಯುತ್ತಾರೆ. ಯಾರ ದನಿ ಯಾರದೆಂದು ಗೊತ್ತಾಗಬಾರದು.

ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನಾನು ಇದನ್ನು ಹಾಕುತ್ತೇನೆ. ಮೊದಲ ಸಲ ಕೇಳಿದಾಗ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. "ಇದೇನು ಮಗ, ಒಬ್ಳು ಒಂದ್ ಕಡೆ, ಇನ್ನೊಬ್ಳು ಇನ್ನೊಂದ್ ಕಡೆ ಹೋಯ್ತಾವ್ರೆ?" ಎಂದಳು. ಎರಡು ಹಾಡು ಮುಗಿಯುವಷ್ಟರಲ್ಲಿ ಅವಳೇ ಉತ್ತರವನ್ನೂ ಕೊಟ್ಟಳು. "ನಮ್ ಬ್ಯಾಚ್ ಇದ್ದಂಗೈತೆ. ಒಬ್ಳು ಕಾಲರ್ ಹೊಲೀತಿದ್ಳು, ಒಬ್ಳು ತೋಳು. ಕೊನೇಲಿ ಅಂಗಿ ಒಂದೇ ತಾನೆ?"

ಅಮ್ಮ ಹೊಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಹತ್ತೊಂಬತ್ತು ವರ್ಷ ಟೈಲರ್ ಆಗಿದ್ದವಳು. ಹಾಗಾಗಿ ಈ ಆಲ್ಬಮ್ಮಿನ ಮೊದಲ ಹಾಡು 'ಡಾಫಿನ್ ಮಿಸ್ಟ್ರೆಸ್' ಅವಳಿಗೆ ತಟ್ಟನೆ ಹಿಡಿಸಿತು. ನೂಲಿನ ಗಿರಣಿಯಲ್ಲಿ ತುಂಬಿದ ಉರುಳೆಗಳನ್ನು ತೆಗೆಯುವ ಹುಡುಗಿಯರ ಮೇಲ್ವಿಚಾರಕಿಯನ್ನು ಕುರಿತ ಹಾಡು ಅದು. ಯಜಮಾನ ಬಂದು ಗದರಿದರೆ, ಅವಳು ಹೇಳಿದರೆ ಕೆಲಸ ಮಾಡುತ್ತೇವೆ, ನಿನಗಾಗಿ ಅಲ್ಲ ಎಂದು ಹುಡುಗಿಯರು ತಿರುಗಿ ಹೇಳುತ್ತಾರೆ. ಅಮ್ಮ ನಕ್ಕಳು. "ಅಂಥ ಸೂಪರ್‌ವೈಸರ್ ನಂಗೆ ಸಿಕ್ಕಿದ್ದು ಒಂದೇ ಸಲ."

'ಫೋರ್ ಲೂಮ್ ವೀವರ್' ಬಂದಾಗ ಮಾತ್ರ ಅವಳು ನಗಲಿಲ್ಲ. ಅದಕ್ಕೆ ಯಾವ ವಾದ್ಯವೂ ಇಲ್ಲ, ಎರಡು ದನಿಗಳಷ್ಟೆ. ಕೆಲಸವಿಲ್ಲದೆ ಹಸಿದು ಕೂತ ಲ್ಯಾಂಕಶೈರಿನ ನೇಕಾರರ ಹಾಡು ಅದು. ಮ್ಯಾಂಚೆಸ್ಟರ್ ಬಟ್ಟೆ ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆಯಿತೆಂದು ಶಾಲೆಯಲ್ಲಿ ಓದಿದ್ದೆ. ಆ ಸೀಮೆಯಲ್ಲೂ ನೇಯುವವನ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ ಎಂಬುದನ್ನು ಈ ಹಾಡು ಹೇಳಿತು. ಆ ಗಿರಣಿಗಳಲ್ಲಿ ಮಗ್ಗಗಳ ಸದ್ದಿಗೆ ಏನೂ ಕೇಳಿಸದೆ, ಹೆಂಗಸರು ತುಟಿಯ ಆಕಾರ ನೋಡಿಯೇ ಮಾತಾಡುತ್ತಿದ್ದರಂತೆ ಎಂದೆ. "ನಾವೂ ಹಂಗೇ. ಮಾತಾಡಿದ್ರೆ ಬೈತಿದ್ರಲ್ಲ" ಎಂದು ಅಮ್ಮ ಸುಮ್ಮನಾದಳು.

ಅವಳು ಯಾರನ್ನು ನೆನೆಸಿಕೊಂಡಳೆಂದು ನನಗೆ ಗೊತ್ತು. ಪಕ್ಕದ ಮೆಷಿನ್ನಿನ ಗೆಳತಿ, ನಾನು ಮಳವಳ್ಳಿ ಆಂಟಿ ಎನ್ನುವವರು. ಸಂಜೆ ವ್ಯಾನಿನಲ್ಲಿ ಆಂಟಿ ಸೊಲ್ಲು ಎತ್ತಿದರೆ ಮದ್ದೂರು ಕಡೆಯ ಅಮ್ಮ ಹಿಡಿಯುತ್ತಿದ್ದಳು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯಲು ಹಾಕಿದ ನಿರ್ಬಂಧದ ವಿರುದ್ಧ ಸಾವಿರಾರು ಹೆಣ್ಣುಮಕ್ಕಳು ಬೊಮ್ಮನಹಳ್ಳಿಯಲ್ಲಿ ರಸ್ತೆಗೆ ಇಳಿದಾಗಲೂ ಇಬ್ಬರೂ ಕೈ ಹಿಡಿದುಕೊಂಡೇ ಇದ್ದರು. ಎರಡನೇ ದಿನ ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. 2020ರ ಲಾಕ್‌ಡೌನಿನಲ್ಲಿ ಕೆಲಸ ಹೋಗಿ ಆಂಟಿ ಊರಿಗೆ ಹೊರಟವರು ಮತ್ತೆ ಬರಲಿಲ್ಲ. ಅಮ್ಮ ಅಂದಿನಿಂದ ಹಾಡಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಯೋಗಕ್ಷೇಮವಾದ ಮೇಲೆ ಇಬ್ಬರೂ ಒಟ್ಟಿಗೆ ಹಾಡಲು ನೋಡಿದರು. ಆಗಲಿಲ್ಲ. ಫೋನಿನಲ್ಲಿ ದನಿ ಒಂದು ಚೂರು ತಡವಾಗಿ ತಲುಪುತ್ತದೆ. ಹಾಗಾಗಿ "ನೀನೇ ಹಿಂದೆ ಬಿದ್ದೆ" ಎಂದು ಇಬ್ಬರೂ ಒಬ್ಬರನ್ನೊಬ್ಬರು ದೂರಿಕೊಂಡರು. ಕಡೆಗೆ ಅಮ್ಮ, "ನೀನು ಎತ್ತು, ನಾನು ಹಿಡೀತೀನಿ" ಎಂದಳು. ಆಂಟಿ ಎತ್ತಿದರು. ಪದ ಸರಾಗವಾಗಿ ಸಾಗಿತು.

ಮ್ಯಾಡಿ ಮತ್ತು ಜೂನ್ ಹಾಗೆ ಹಾಡಬೇಕಾದರೆ ಇಬ್ಬರ ಬಾಯಿಯೂ ಒಂದೇ ಕ್ಷಣಕ್ಕೆ ತೆರೆಯಬೇಕು. ಸೋಬಾನೆಗೆ ಆ ಅವಸರವಿಲ್ಲ. ಒಬ್ಬಳು ಮುಗಿಸುವ ತನಕ ಇನ್ನೊಬ್ಬಳು ಕಾಯುತ್ತಾಳೆ. ಮಳವಳ್ಳಿಗೂ ಬಿಟಿಎಂಗೂ ನಡುವೆ ಇರುವ ದೂರ ಆ ಕಾಯುವಿಕೆಯೊಳಗೆ ಹಿಡಿಸಿಬಿಡುತ್ತದೆ.

ಈಗ ವಾರಕ್ಕೊಮ್ಮೆ ರಾತ್ರಿ ಊಟವಾದ ಮೇಲೆ ಹಾಡುತ್ತಾರೆ. ಒಂದು ಪದದ ನಡುವಿನ ಎರಡು ಸೊಲ್ಲು ಇಬ್ಬರಿಗೂ ಮರೆತುಹೋಗಿವೆ. ವ್ಯಾನಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಇನ್ನೊಬ್ಬಳಿಗೆ ಗೊತ್ತಿರಬಹುದು ಎನ್ನುತ್ತಾಳೆ ಅಮ್ಮ. ಅವಳ ನಂಬರು ಹುಡುಕುತ್ತಿದ್ದೇವೆ.