ಅರ್ಧ ಗೇಣಿನ ಓಟ

ಮಕ್ಕಳೇ, ಓಡುವ ಕರುವಿನ ಫೋಟೊ ತೆಗೆದು ನೋಡಿದ್ದೀರಾ? ಎಷ್ಟೋ ಸಲ ಅದು ಓಡುತ್ತಿರುವಂತೆ ಕಾಣುವುದೇ ಇಲ್ಲ. ಯಾರೋ ಗಾಳಿಯಲ್ಲಿ ಎತ್ತಿ ಹಿಡಿದಂತಿರುತ್ತದೆ. ಒಳ್ಳೆಯ ಬಿಸಿಲಿದ್ದರೆ ಮೊಬೈಲಿನ ಕ್ಯಾಮೆರಾ ಒಂದು ಸೆಕೆಂಡಿನ 2000ನೇ ಒಂದು ಭಾಗದಷ್ಟು ಹೊತ್ತು ಮಾತ್ರ ನೋಡಿದರೂ ಸಾಕು, ಚಿತ್ರ ಮೂಡುತ್ತದೆ. ಅಷ್ಟರಲ್ಲಿ ಯಾವ ಕರು ತಾನೇ ಎಷ್ಟು ದೂರ ಹೋದೀತು!

ನನ್ನ ಕೊನೆಯ ಸೈಕಲ್ ಸವಾರಿಯ ಫೋಟೊ ಕೂಡ ಹೀಗೇ ಬಂತು. ನಮ್ಮ ಮನೆ ಹರಿಹರದಲ್ಲಿ. ಕೆಲಸ ಇದ್ದದ್ದು ದಾವಣಗೆರೆಯ ಹತ್ತಿ ಗಿರಣಿಯಲ್ಲಿ. ಆ 14 ಕಿಲೋಮೀಟರ್ ದಾರಿಯನ್ನು ವರ್ಷಗಟ್ಟಲೆ ಸೈಕಲ್ ತುಳಿದವನು ನಾನು. ಈಗ ಮೊಣಕಾಲು ಸವೆದಿದೆ. ಸೈಕಲ್ಲನ್ನು ಪಕ್ಕದ ಮನೆಯ ಹುಡುಗನಿಗೆ ಕೊಡುವ ಮುನ್ನ ತುಂಗಭದ್ರೆಯ ದಂಡೆಯ ರಸ್ತೆಯಲ್ಲಿ ಹಳೆಯ ವೇಗದಲ್ಲೇ ಒಂದು ಸುತ್ತು ಹೋದೆ. ಎಂಟನೇ ತರಗತಿಯ ಮೊಮ್ಮಗಳು ಫೋಟೊ ತೆಗೆದಳು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

“ಯಾಕ್ರೀ, ಸೈಕಲ್ ಮ್ಯಾಲೆ ಕೂತಲ್ಲೇ ನಿದ್ದಿ ಹತ್ತಿತ್ತೇನು?” ಎಂದು ನನ್ನ ಹೆಂಡತಿ ನಕ್ಕಳು.

ಫೋಟೊ ಸುಳ್ಳೇನಲ್ಲ. 1878ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದ. ನಾಲ್ಕೂ ಕಾಲು ನೆಲ ಬಿಟ್ಟ ಕ್ಷಣದಲ್ಲಿ ಅವು ಚಿತ್ರಗಾರರು ಬರೆಯುತ್ತಿದ್ದಂತೆ ಚಾಚಿರಲಿಲ್ಲ, ಹೊಟ್ಟೆಯ ಕೆಳಗೆ ಮಡಚಿದ್ದವು. ನಿಜವಾದರೂ ಅದು ನೋಡುವವರ ಕಣ್ಣಿಗೆ ವಿಚಿತ್ರವಾಗಿತ್ತು.

ಮೊಮ್ಮಗಳು ಕಂಪ್ಯೂಟರಿನ ಮುಂದೆ ಕೂತಳು. ನನ್ನನ್ನೂ ಸೈಕಲ್ಲನ್ನೂ ಕತ್ತರಿಸಿ ಬೇರೆ ಪದರದಲ್ಲಿಟ್ಟಳು. ಹಿಂದೆ ಖಾಲಿಯಾದ ಜಾಗವನ್ನು ಅಕ್ಕಪಕ್ಕದ ಗಿಡಮರಗಳಿಂದ ತುಂಬಿದಳು. ಹಾಗೆ ತುಂಬದಿದ್ದರೆ ಮಸುಕು ಮಾಡುವಾಗ ನನ್ನ ಅಂಗಿಯ ಬಣ್ಣ ಸುತ್ತಲೂ ಹರಡಿ ದೆವ್ವದಂತೆ ಕಾಣುತ್ತದಂತೆ! ಆಮೇಲೆ ಹಿನ್ನೆಲೆಯನ್ನು ರಸ್ತೆಯ ದಿಕ್ಕಿಗೇ ಎಳೆದು ಮಸುಕು ಮಾಡಿದಳು. ಚಕ್ರಕ್ಕೆ ಗಿರ್ರೆನ್ನುವ ಮಸುಕು, ನಡುವೆ ಕಡಿಮೆ, ಅಂಚಿಗೆ ಹೆಚ್ಚು. ಮುಖ ಮಾತ್ರ ಸ್ಪಷ್ಟ. ಸಾಗಲು ಜಾಗ ಬೇಕೆಂದು ನನ್ನ ಮುಂದೆ ಹೆಚ್ಚು ರಸ್ತೆ ಉಳಿಸಿ, ಬೆನ್ನ ಹಿಂದಿನದನ್ನು ಕತ್ತರಿಸಿದಳು.

ಮರಗಳೆಲ್ಲ ಗೆರೆಗಳಾದವು. ನಾನು ರೈಲನ್ನೇ ಹಿಂದೆ ಹಾಕುವವನಂತೆ ಹಾರುತ್ತಿದ್ದೆ. ಮನೆಮಂದಿ ಚಪ್ಪಾಳೆ ತಟ್ಟಿದರು. ನನಗೇಕೋ ಸಮಾಧಾನವಾಗಲಿಲ್ಲ.

“ಇವನು ಬೇರೆ ಯಾರೋ, ಪುಟ್ಟಿ. ನಾನು ಇಷ್ಟು ಜೋರು ಹೋದವನಲ್ಲ.”

“ಮತ್ತೆ ಎಷ್ಟು ಜೋರು ಹೋಗ್ತಿದ್ದೆ, ತಾತ?”

“ಗಿರಣಿ ಮುಟ್ಟೋಕೆ ಒಂದು ಗಂಟೆ ಹತ್ತು ನಿಮಿಷ.”

ಅವಳು ಲೆಕ್ಕ ಹಾಕಿದಳು. 70 ನಿಮಿಷಕ್ಕೆ 14 ಕಿಲೋಮೀಟರ್ ಎಂದರೆ ಗಂಟೆಗೆ 12 ಕಿಲೋಮೀಟರ್. ಸೆಕೆಂಡಿನ 2000ನೇ ಭಾಗದಲ್ಲಿ ನಾನು ಹೋಗುವುದು 2 ಮಿಲಿಮೀಟರಿಗೂ ಕಡಿಮೆ. ಚಲನೆ ತೋರಿಸಬೇಕೆನ್ನುವ ಛಾಯಾಗ್ರಾಹಕರು ಸೆಕೆಂಡಿನ 30ನೇ ಒಂದು ಭಾಗದಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದಿಟ್ಟು, ಸವಾರನ ಜೊತೆಗೇ ಕ್ಯಾಮೆರಾವನ್ನೂ ತಿರುಗಿಸುತ್ತಾರೆ. ಅಷ್ಟು ಹೊತ್ತಿನಲ್ಲಿ ನಾನು ಹೋಗುವುದು ಸುಮಾರು 11 ಸೆಂಟಿಮೀಟರ್. ನಾನು ಕೈ ಚಾಚಿ ಅಳೆದೆ. ಅರ್ಧ ಗೇಣು!

ಫೋಟೊದಲ್ಲಿ ಚಕ್ರದ ಅಗಲವನ್ನೇ ಅಳತೆಗೋಲು ಮಾಡಿಕೊಂಡು ಅವಳು ಹಿನ್ನೆಲೆಯನ್ನು ಅರ್ಧ ಗೇಣಿನಷ್ಟೇ ಎಳೆದಳು. ಚಕ್ರವನ್ನು ಸುತ್ತಿನ ಇಪ್ಪತ್ತನೇ ಒಂದು ಭಾಗದಷ್ಟು ತಿರುಗಿಸಿದಳು. ಕಡ್ಡಿಗಳು ಒಂದರೊಳಗೊಂದು ಬೆರೆತವು. ಮರಗಳು ಮಸುಕಾದರೂ ಮರಗಳಾಗಿಯೇ ಉಳಿದವು. ಈಗ ಸೈಕಲ್ ಮೇಲಿದ್ದವನು ನಾನೇ, ಪಾಳಿಗೆ ಹೊತ್ತಾಗದಂತೆ, ದಣಿವೂ ಆಗದಂತೆ ತುಳಿಯುತ್ತಿದ್ದ ನಾನು.

ಆ ಫೋಟೊ ಗೋಡೆಯ ಮೇಲಿದೆ. ಕೆಳಗೆ ‘ಕಂಪ್ಯೂಟರಿನಲ್ಲಿ ತಿದ್ದಿದ್ದು’ ಎಂದು ಬರೆಸಿದ್ದೇನೆ. ತಿದ್ದದ ಮೂಲ ಫೋಟೊ ಅದೇ ಚೌಕಟ್ಟಿನ ಹಿಂದೆ ಇದೆ. ಮುಂದೆ ಯಾರಾದರೂ ಕೇಳಿದರೆ ಎರಡನ್ನೂ ತೋರಿಸಬಹುದಲ್ಲ.

ಮಕ್ಕಳೇ, ನೀವೂ ಅಜ್ಜ ಅಜ್ಜಿಯರ ಫೋಟೊ ಓಡಿಸಬೇಕೆಂದಿದ್ದರೆ ಮೂಲವನ್ನು ಮೊದಲು ಜೋಪಾನವಾಗಿಡಿ. ಆಮೇಲೆ ಅವರ ಪಕ್ಕ ಕೂತು, “ನೀವು ಎಷ್ಟು ಜೋರು ಹೋಗ್ತಿದ್ರಿ?” ಎಂದು ಕೇಳಿ. ಉತ್ತರ ಹೇಳಿ ಮುಗಿಸಲು ಅವರಿಗೆ ಒಂದು ಸಂಜೆ ಸಾಲದು.