ಅಜ್ಜನ ಮನೆಯ ಪಾರುಪತ್ಯಗಾರ

114 ಅಧ್ಯಾಯಗಳ ಕಾದಂಬರಿ ಬರೆದು, ಇದು ಬರೀ ಕೈರೋದ ಒಂದು ಓಣಿಯ ಕಥೆ ಎಂದರೆ ಯಾರು ನಂಬುತ್ತಾರೆ? ಕುರ್‌ಆನಿನ ಸೂರಾಗಳೂ 114. ಈಜಿಪ್ಟಿನ ನಜೀಬ್ ಮೆಹಫೂಜ್ ಸಾಧು ಸರ್ಕಾರಿ ನೌಕರ. ತಮಾಷೆಯೆಂದರೆ, ಸೆನ್ಸಾರ್ ಕಚೇರಿಯ ಕುರ್ಚಿಯಲ್ಲೂ ಕೆಲಕಾಲ ಕೂತವರು. ಅಂಥವರು 1959ರಲ್ಲಿ ‘ಅಲ್ ಅಹ್ರಾಮ್’ ಪತ್ರಿಕೆಗೆ ‘ನಮ್ಮ ಓಣಿಯ ಮಕ್ಕಳು’ ಎಂಬ ಧಾರಾವಾಹಿ ಬರೆದರು.

ಓಣಿಯ ತುದಿಗೊಂದು ದೊಡ್ಡ ಮನೆ. ಒಳಗೆ ಯಾರ ಕಣ್ಣಿಗೂ ಬೀಳದ ಹಿರಿಯಜ್ಜ ಗಬಲಾವಿ. ಆಸ್ತಿಯನ್ನು ಸಂತತಿಗೆಂದು ವಕ್ಫ್ ಮಾಡಿಟ್ಟಿದ್ದಾನೆ. ತಿನ್ನುವವನು ಮಾತ್ರ ಪಾರುಪತ್ಯಗಾರ. ಅವನ ಬೆನ್ನಿಗೆ ದೊಣ್ಣೆ ಹಿಡಿದ ದಾದಾಗಳು. ಆಗಾಗ ಒಬ್ಬ ಪುಣ್ಯಾತ್ಮ ಹುಟ್ಟಿ ನ್ಯಾಯ ಕೊಡಿಸುತ್ತಾನೆ. ಓದುಗರಿಗೆ ಇವರಲ್ಲಿ ಪ್ರವಾದಿಗಳ ನೆರಳು ಕಂಡಿತು. ಪುಣ್ಯಾತ್ಮ ಕಣ್ಮುಚ್ಚಿದ ಮೇಲೆ ಜನಕ್ಕೆ ಮರೆವು, ದಾದಾಗಳಿಗೆ ಮತ್ತೆ ಸುಗ್ಗಿ. ಆಗ ಈಜಿಪ್ಟಿನಲ್ಲಿ ಕ್ರಾಂತಿ ಮಾಡಿ ಗದ್ದುಗೆ ಏರಿದ್ದ ಸೇನಾಧಿಕಾರಿಗಳಿಗೂ ಈ ಚುಚ್ಚು ತಾಗದಿರಲಿಲ್ಲ.

ಕೊನೆಗೆ ಬರುವವನು ಅರಫಾ ಎಂಬ ಮಾಟಗಾರ. ಇವನೇ ವಿಜ್ಞಾನ. ಸೀಸೆಗಳಲ್ಲಿ ಸಿಡಿಮದ್ದು ತುಂಬಬಲ್ಲ. ಅಜ್ಜ ಬರೆದಿಟ್ಟ ಷರತ್ತು ಓದಬೇಕೆಂದು ರಾತ್ರಿ ದೊಡ್ಡ ಮನೆಗೆ ನುಗ್ಗಿ, ಗಾಬರಿಯಲ್ಲಿ ಆಳೊಬ್ಬನನ್ನು ಕೊಲ್ಲುತ್ತಾನೆ. ಆ ಆಘಾತಕ್ಕೆ ಅಜ್ಜನೂ ಸಾಯುತ್ತಾನೆ. ಆಮೇಲೆ ಸೀಸೆಗಳು ಯಾರ ಪಾಲು? ಪಾರುಪತ್ಯಗಾರನದ್ದೇ.

ನನ್ನ ಸೋದರಮಾವ ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಗ್ರಹಣದ ಹಿಂದಿನ ದಿನ ಬೋರ್ಡಿನ ಮೇಲೆ ಭೂಮಿ, ಚಂದ್ರ, ನೆರಳು ಎಲ್ಲ ಬರೆದು, ಮನೆಗೆ ಬಂದು ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕುತ್ತಿದ್ದರು. ಕೇಳಿದರೆ, “ನೆರಳು ಚಂದ್ರಂದು, ಜಾಡಿ ನಿಮ್ಮತ್ತೇದು ಕಣೋ” ಎನ್ನುತ್ತಿದ್ದರು. ಎರಡೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳಿದವು. ಊರ ಗುಡಿಯ ಜೀರ್ಣೋದ್ಧಾರದ ಲೆಕ್ಕ ಕೇಳಿದ ದಿನ ಮಾತ್ರ ಮಾವ ನಾಸ್ತಿಕರಾಗಿಬಿಟ್ಟರು. ಹಾಗೆ ಸಾರಿದವರು ಲೆಕ್ಕ ಇಟ್ಟವರು. ಅರಫಾನ ಕಥೆ ಓದುವಾಗೆಲ್ಲ ನನಗೆ ಮಾವನದೇ ನೆನಪು. ಬದುಕಿದ್ದರೆ ಪುಸ್ತಕ ಕೊಡುತ್ತಿದ್ದೆ, ಅವರು ಮೊದಲು ಸಿಡಿಮದ್ದಿನ ರಸಾಯನ ಸರಿಯಿದೆಯೇ ಎಂದು ನೋಡುತ್ತಿದ್ದರು.

ಧಾರಾವಾಹಿ ಓದಿ ಕೈರೋದ ಇಸ್ಲಾಮಿ ವಿದ್ಯಾಪೀಠ ಅಲ್ ಅಜ್ಹರ್‌ನ ವಿದ್ವಾಂಸರು ಸಿಟ್ಟಾದರು. ಆದರೂ ಸಂಪಾದಕ ಹೈಕಲ್ ಕೊನೆಯ ಕಂತಿನವರೆಗೂ ಅಚ್ಚು ಹಾಕಿದರು. ಅಧ್ಯಕ್ಷ ನಾಸೆರರ ಆಪ್ತರಾಗಿದ್ದರೆ ಇಷ್ಟು ಧೈರ್ಯ ಬರುತ್ತದೆ. ಪುಸ್ತಕವಾದದ್ದು ಮಾತ್ರ 1967ರಲ್ಲಿ, ದೂರದ ಬೈರೂತಿನಲ್ಲಿ. 1988ರಲ್ಲಿ ನೊಬೆಲ್ ಬಂತು, ಹಳೆಯ ಸಿಟ್ಟೂ ಕೆದರಿತು. 1994ರ ಅಕ್ಟೋಬರಿನಲ್ಲಿ ಕಾರಿನ ಹತ್ತಿರ ಬಂದ ಯುವಕನನ್ನು 82ರ ಮುದುಕರು ಅಭಿಮಾನಿಯೆಂದೇ ತಿಳಿದರಂತೆ. ಅವನು ಕುತ್ತಿಗೆಗೆ ಚಾಕು ಹಾಕಿದ. ಕಾದಂಬರಿಯನ್ನು ಅವನು ಓದಿರಲಿಲ್ಲ. ಮೆಹಫೂಜ್ ಬದುಕಿದರು, ಬಲಗೈ ಸೋತಿತ್ತು, ಬರೆಯುವುದನ್ನು ಮತ್ತೆ ಮೊದಲಿನಿಂದ ಕಲಿತರು. ಈಜಿಪ್ಟಿನಲ್ಲಿ ಕಾದಂಬರಿ ಪುಸ್ತಕವಾಗಿ ಹೊರಬಂದದ್ದು 2006ರಲ್ಲಿ, ಅವರು ತೀರಿಕೊಂಡ ವರ್ಷ.

ಆ ಕಾದಂಬರಿಯಲ್ಲಿ, ಅಜ್ಜ ಸತ್ತ ಮೇಲೆ, ದೊಡ್ಡ ಮನೆಯ ಸೇವಕಿಯೊಬ್ಬಳು ಅರಫಾನನ್ನು ಹುಡುಕಿಕೊಂಡು ಬರುತ್ತಾಳೆ. ಯಜಮಾನರು ನಿನ್ನ ಮೇಲೆ ಸಂತುಷ್ಟರಾಗಿಯೇ ಕಣ್ಮುಚ್ಚಿದರು ಎಂದು ಹೇಳಿಹೋಗುತ್ತಾಳೆ. ಇದನ್ನು ಭಕ್ತರೂ ಎತ್ತುವುದಿಲ್ಲ, ವಿಚಾರವಾದಿಗಳೂ ಎತ್ತುವುದಿಲ್ಲ. ಪುಸ್ತಕದ ಕೊನೆಯ ಹತ್ತಿರ ಬರುವ ಮಾತು, ಅಲ್ಲಿಯವರೆಗೆ ಓದಬೇಕಲ್ಲ.