ನಿನ್ನೆಯ ಬನ್ನಿನ ಪುಡಿ

ಫಿಲಿಪೀನ್ಸಿನ ಲಾಸ್ ಬಾನ್ಯೋಸ್ ಅಪ್ಪಟ ಅಕ್ಕಿಯ ಊರು. ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1960ರಲ್ಲಿ ಹುಟ್ಟಿದ್ದು, 1966ರಲ್ಲಿ ಐಆರ್ 8 ತಳಿ ಹೊರಬಿದ್ದದ್ದು ಎಲ್ಲ ಇಲ್ಲೇ. ನಮ್ಮ ಯಜಮಾನರಿಗೂ ಆ ಸಂಸ್ಥೆಯಲ್ಲೇ ಕೆಲಸ. ಊಟಕ್ಕೆ ಕೂತರೂ ಭತ್ತದ್ದೇ ಮಾತು. ಆದರೆ ಇಂಥ ಊರು ಬೆಳಗಿನ ಐದಕ್ಕೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಡುವುದು ಗೋಧಿಯ ಬನ್ನಿಗೆ! ಗೋಧಿಯೋ, ಹಡಗು ಹತ್ತಿ ಬರಬೇಕು, ಹೆಚ್ಚಿನದು ಅಮೆರಿಕದಿಂದ. ಸ್ಪೇನಿನವರು ಬ್ರೆಡ್ಡಿನ ರುಚಿ ಹತ್ತಿಸಿ ಹೋದರು. ಆಮೇಲೆ ಬಂದ ಅಮೆರಿಕದವರು ಹಿಟ್ಟಿನ ವ್ಯಾಪಾರ ಕುದುರಿಸಿಕೊಂಡರು. ಭತ್ತಕ್ಕಾದ ಈ ಅವಮಾನ ಯಜಮಾನರಿಗೆ ಸಹಿಸುವುದಿಲ್ಲ. ಸಹಿಸದೆಯೇ ನಾಲ್ಕು ತಿನ್ನುತ್ತಾರೆ.

ಈ ಬನ್ನಿನ ಹೆಸರು ಪಾಂಡೆಸಾಲ್. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಮೆತ್ತಗೆ, ನಸುಸಿಹಿ, ಮೈಮೇಲೆಲ್ಲ ಬ್ರೆಡ್ಡಿನ ಪುಡಿ. ಕಂದು ಕಾಗದದ ಚೀಲದಲ್ಲಿ ಹಾಕಿಕೊಟ್ಟರೆ ಮನೆ ಮುಟ್ಟುವವರೆಗೂ ಕೈ ಬೆಚ್ಚಗಿರುತ್ತದೆ. ಕೆಲವರು ಕಾಫಿಗೆ ಅದ್ದುತ್ತಾರೆ, ಕೆಲವರು ಡಬ್ಬಿ ಮೀನು ತುಂಬುತ್ತಾರೆ. ನಮಗೆ ಬಾಳೆಲೆಯಲ್ಲಿ ಕಟ್ಟಿಕೊಡುವ ಎಮ್ಮೆ ಹಾಲಿನ ಬಿಳಿ ಚೀಸು ಸಾಕು.

ಮೈಸೂರಿನಿಂದ ಅತ್ತೆಯವರು ಬಂದಾಗ, "ಇದಕ್ಕೆ ಏನೇನು ಹಾಕ್ತಾರಮ್ಮ?" ಎಂದು ಕೇಳಿದರು. ಹಳೇ ಕಾಲದ ಬೇಕರಿಗಳಲ್ಲಿ ಹಂದಿಕೊಬ್ಬೂ ಬೀಳುವುದುಂಟು. ಅಲ್ಲಿಗೆ ಮನೆಯಲ್ಲೇ ಪಾಂಡೆಸಾಲ್ ಶುರುವಾಯಿತು.

ಹಿಟ್ಟಿಗೆ ಹೋದರೆ ಅಂಗಡಿಯವನು "ಫಸ್ಟ್ ಕ್ಲಾಸಾ, ಥರ್ಡ್ ಕ್ಲಾಸಾ?" ಅಂದ. ಈ ಪ್ರಶ್ನೆ ನನ್ನನ್ನು ರೈಲ್ವೆಯವರು ಬಿಟ್ಟು ಯಾರೂ ಕೇಳಿರಲಿಲ್ಲ. ಜಿಗುಟಾದ ಫಸ್ಟ್ ಕ್ಲಾಸು ಬ್ರೆಡ್ಡಿಗಂತೆ, ಥರ್ಡ್ ಕ್ಲಾಸು ಬಿಸ್ಕತ್ತಿಗೆ. ಸಕ್ಕರೆ, ಉಪ್ಪು, ಯೀಸ್ಟು, ಹಾಲು, ಬೆಣ್ಣೆ ಸೇರಿಸಿ ನಾದಿಟ್ಟರೆ ಇಲ್ಲಿನ ಸೆಖೆಗೆ ಹಿಟ್ಟು ಬೇಗನೆ ಉಬ್ಬುತ್ತದೆ. ಅದನ್ನು ಉದ್ದಕ್ಕೆ ಹೊಸೆದು ಕೋಲು ಮಾಡಬೇಕು, ಇವರ ಮಾತಲ್ಲಿ ‘ಬಾಸ್ಟೋನ್’. ಪುಡಿಯಲ್ಲಿ ಹೊರಳಿಸಿ, ತುಂಡು ಮಾಡಿ, ಕತ್ತರಿಸಿದ ಮೈ ಮೇಲಾಗಿ ತಟ್ಟೆಯಲ್ಲಿ ಸಾಲಾಗಿ ಇಡಬೇಕು. ಎರಡನೇ ಸಲ ಉಬ್ಬುವಾಗ ಫಸ್ಟ್ ಕ್ಲಾಸಿನವೆಲ್ಲ ಜನರಲ್ ಬೋಗಿಯವರಂತೆ ಒಂದರ ಮೈಗೊಂದು ಒತ್ತಿಕೊಂಡು ಕೂರುತ್ತವೆ. ಆಮೇಲೆ 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ.

ಪೇಚಾಟ ಇರುವುದು ಆ ಪುಡಿಯಲ್ಲಿ. ಬೇಕರಿಯವರು ಅದನ್ನು ಮಾಡುವುದು ಮಾರಾಟವಾಗದೆ ಉಳಿದ ಬ್ರೆಡ್ಡಿನಿಂದ. ಅಂದರೆ ಇವತ್ತಿನ ಬನ್ನಿಗೆ ನಿನ್ನೆಯ ಬನ್ನು ಬೇಕು, ನಿನ್ನೆಯದಕ್ಕೆ ಮೊನ್ನೆಯದು. ಮೊದಲನೆಯದಕ್ಕೆ ಯಾರು ಗತಿ? ನಾನು ರಸ್ಕು ಕುಟ್ಟಿದೆ. ಆಮೇಲಿಂದ ವಂಶ ತಾನಾಗಿ ಮುಂದುವರಿಯುತ್ತಿದೆ.

ಪಕ್ಕದ ಮನೆಯ ಅಜ್ಜಿಗೆ ಇದೆಲ್ಲ ನಗೆಪಾಟಲು. ಇಲ್ಲಿ ಅಜ್ಜಿಯರನ್ನು ಲೋಲಾ ಅನ್ನುವುದು ರೂಢಿ. ಅವರು ನನ್ನನ್ನು ಅನಕ್, ಅಂದರೆ ಮಗಳೇ, ಅನ್ನುತ್ತಾರೆ. "ಅನಕ್, ಮೂರು ಮನೆ ಆಚೆ ಬೇಕರಿ ಇಟ್ಟುಕೊಂಡು ನಿನಗೇನಮ್ಮಾ ಬಂತು?" ಅವರ ಅಡುಗೆಮನೆಯಲ್ಲಿ ಓವನ್ನೇ ಇಲ್ಲ, ಈ ಬೀದಿಯ ಹೆಚ್ಚಿನ ಮನೆಗಳಲ್ಲೂ ಇಲ್ಲ. ಯಾರೋ ನಡುರಾತ್ರಿ ಎದ್ದು ನಾದಿರಬೇಕು, ನಾವು ನಿದ್ದೆಗಣ್ಣಲ್ಲಿ ಹೋಗಿ ಕೈಯೊಡ್ಡಬೇಕು, ಆಗಲೇ ಅದು ಪಾಂಡೆಸಾಲ್. ನನ್ನದು ಸಂಜೆ ನಾಲ್ಕಕ್ಕೆ ಓವನ್ನಿನಿಂದ ಇಳಿಯುತ್ತದೆ. ರುಚಿಯಲ್ಲಿ ಲೋಪವಿಲ್ಲ, ಬೆಳಗೊಂದು ಇಲ್ಲ.

ಹಾಗಾದರೆ ಇದನ್ನು ಮನೆಯಲ್ಲಿ ಮಾಡುವವರು ಯಾರು? ಮನೆ ಬಿಟ್ಟು ಹೋದವರು. ಅಜ್ಜಿಯ ಮಗಳು ಕೆನಡಾದ ಒಂದು ಸಣ್ಣ ಊರಲ್ಲಿ ನರ್ಸು. ಒಂದು ರಾತ್ರಿ ವಿಡಿಯೋ ಕಾಲ್ ಮಾಡಿ, "ಅಮ್ಮಾ, ಪಾಂಡೆಸಾಲ್ ಮಾಡೋದು ಹೇಗೆ?" ಅಂದಳಂತೆ. ಜೀವಮಾನವಿಡೀ ಕೊಂಡೇ ತಿಂದ ಅಜ್ಜಿ ಏನು ಹೇಳಿಯಾರು? ಫೋನ್ ಹಿಡಿದುಕೊಂಡು ಸೀದಾ ನಮ್ಮ ಅಡುಗೆಮನೆಗೆ ಬಂದರು. ಹೀಗೆ ಲಾಸ್ ಬಾನ್ಯೋಸಿನಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಅವಳೂರಿನ ಬನ್ನನ್ನು ಮೈಸೂರಿನವಳು ಹೇಳಿಕೊಟ್ಟಳು. ಅಲ್ಲಿನ ಚಳಿಗೆ ಹಿಟ್ಟು ಏಳಲೊಲ್ಲದು. ಓವನ್ನಿನ ದೀಪ ಹಾಕಿ ಒಳಗಿಡು ಎಂದೆ. "ಪುಡಿಗೆ ಹಳೇ ಪಾಂಡೆಸಾಲ್ ಇಲ್ಲವಲ್ಲಾ ಅಕ್ಕಾ" ಅಂದಳು. ರಸ್ಕು ಕುಟ್ಟಿಕೋ ಎಂದೆ. ಮಗಳು ಮಾತಾಡುತ್ತಿರುವಷ್ಟು ಹೊತ್ತೂ ಅಜ್ಜಿ ಪರದೆಯ ಮೂಲೆಯಲ್ಲಿ ಕಾಣುತ್ತಿದ್ದ ಅವಳ ಕಿಟಕಿಯ ಹಿಮವನ್ನೇ ನೋಡುತ್ತಿದ್ದರು.

ಮರುದಿನ ಫೋಟೋ ಬಂತು. ಗೋಧಿ ಬೆಲೆ ಏರಿದಾಗೆಲ್ಲ ಇಲ್ಲಿನ ಪಾಂಡೆಸಾಲ್ ದರ ಹಾಗೇ ಇದ್ದು ಗಾತ್ರ ಸೊರಗುವುದು ಎಲ್ಲರೂ ಬಲ್ಲ ಮಾತು; ಕೆನಡಾದವು ಒಂದೊಂದೂ ಮುಷ್ಟಿ ಗಾತ್ರ ಇದ್ದವು. ಅಜ್ಜಿ ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಮೆಚ್ಚಿಕೊಂಡರೆಂದುಕೊಂಡೆ. ಫೋನ್ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೇಬಿಟ್ಟರು, ಬೇಕರಿಯವನಿಗೆ ತೋರಿಸಿ ಜಗಳ ಆಡಲಿಕ್ಕೆ.